ದಾವಣಗೆರೆಯ ವರ್ಕ್‌ಶಾಪಿನವರು ಕೂರಿಸಿದ ಪಿಕೆಟ್ ಬೇಲಿ: ನಮ್ಮ ಥಿಕನರಿನ ರಾಡಿ ಗಟ್ಟಿಯಾಯಿತೇ?

ಗಟ್ಟಿಯಾಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಓದುವವರಲ್ಲಿ ಹಲವರು ನನ್ನ ಹಾಗೆಯೇ ನೀರು ಶುದ್ಧೀಕರಣ ಘಟಕದಲ್ಲಿ ದುಡಿಯುವವರಿರಬಹುದು. ಥಿಕನರ್ ಅಂದರೆ ನೀರು ಶುದ್ಧ ಮಾಡುವಾಗ ತಳಕ್ಕೆ ಕೂರುವ ಕೆಸರನ್ನು, ಅಂದರೆ ರಾಡಿಯನ್ನು, ಗಟ್ಟಿ ಮಾಡುವ ತೊಟ್ಟಿ. ಅದರ ತಳದ ವಾಲ್ವ್ ತೆಗೆದರೆ ರಾಡಿಯ ಬದಲು ಬರೀ ಬಣ್ಣದ ನೀರು ಬರುವುದನ್ನು ನೋಡಿ ನೋಡಿ ಬೇಸತ್ತವರಿಗೆ ಬೇಕಾದದ್ದು ಉತ್ತರ. ಪಿ.ಬಿ. ರಸ್ತೆಯಿಂದ ಒಳಗೆ ಹೋದರೆ ಸಿಗುವ ಒಂದು ಸಣ್ಣ ವರ್ಕ್‌ಶಾಪಿನವರು ನಮ್ಮ ಹಳೆಯ ಥಿಕನರಿಗೆ ಪಿಕೆಟ್ ಬೇಲಿ (ರಾಡಿಯೊಳಗೆ ನಿಧಾನ ತಿರುಗುವ ಕಬ್ಬಿಣದ ಗೂಟಗಳ ಸಾಲು) ಕೂರಿಸಿದರು, ಅದು ತಿರುಗುವ ವೇಗ ಇಳಿಸಿದರು, ರಾಡಿ ಎಳೆಯುವ ಕ್ರಮ ಬದಲಿಸಿದರು, ಪಾಲಿಮರ್ (ರಾಡಿಯ ಕಣಗಳನ್ನು ಒಟ್ಟುಗೂಡಿಸುವ ಪುಡಿ) ಕಲಸುವ ತೊಟ್ಟಿಯನ್ನು ಸರಿಮಾಡಿಕೊಟ್ಟರು. ಒಂದು ಬೇಸಿಗೆ, ಒಂದು ಮಳೆಗಾಲ ಎರಡನ್ನೂ ಕಂಡ ಮೇಲೆ ಬರೆಯುತ್ತಿದ್ದೇನೆ. ಹೆಸರು ಹಾಕುತ್ತಿಲ್ಲ. "ಮೂರೇ ಜನ ಇರೋದ್ರೀ ಮೇಡಂ, ಫೋನ್ ಎತ್ತೋಕೇ ಒಬ್ಬ ಬೇಕಾದ್ರೆ ಕೆಲ್ಸ ಯಾರ್ ಮಾಡ್ಬೇಕು" ಎಂದು ಯಜಮಾನರೇ ಬೇಡ ಅಂದರು. ಹಾಗಾಗಿ ಅವರು ಏನು ಮಾಡಿದರು, ಹೇಗೆ ಮಾಡಿದರು ಎಂಬುದನ್ನು ವಿವರವಾಗಿ ಬರೆಯುತ್ತೇನೆ. ನಿಮ್ಮೂರಿನಲ್ಲಿ ಇದೇ ಕೆಲಸ ಬಲ್ಲವರನ್ನು ಹುಡುಕಿಕೊಳ್ಳಲು ಅಷ್ಟು ಸಾಕು.

ನಾನು ಘಟಕದ ಲ್ಯಾಬಿನಲ್ಲಿ ಕೆಮಿಸ್ಟ್. ನಮ್ಮದು ತುಂಗಭದ್ರೆಯ ನೀರು. ಕೂಡಲಿಯಲ್ಲಿ ತುಂಗೆ, ಭದ್ರೆ ಸೇರಿದ ಮೇಲೆ ಹೊನ್ನಾಳಿ ದಾಟಿ ಹರಿಹರದ ಕಡೆಗೆ ಬರುವ ನೀರು ವರ್ಷದಲ್ಲಿ ಎರಡು ಬೇರೆ ಬೇರೆ ನದಿಗಳ ಹಾಗೆ ವರ್ತಿಸುತ್ತದೆ. ಜೂನ್ ಕೊನೆಯಿಂದ ಮಲೆನಾಡಿನ ಕೆಂಪು ಮಣ್ಣು ಹೊತ್ತು ತರುತ್ತದೆ. ಬೇಸಿಗೆಯಲ್ಲಿ ನೋಡಲು ತಿಳಿ, ಆದರೆ ಪಾಚಿಯ ಹಸಿರು ಛಾಯೆ. ಜನ ಕೆಂಪು ನೀರಿಗೆ ಹೆದರುತ್ತಾರೆ. ರಾಡಿ ನೋಡಿಕೊಳ್ಳುವವರಿಗೆ ಕಷ್ಟ ಕೊಡುವುದು ಬೇಸಿಗೆಯ ತಿಳಿ ನೀರು.

ಕಾರಣ ಇದು. ನೀರಿಗೆ ಆಲಂ (ಪಟಿಕ) ಹಾಕಿದಾಗ ಅದು ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಆಗಿ ಮಣ್ಣಿನ ಕಣಗಳನ್ನು ಸುತ್ತಿಕೊಂಡು ಕೆಳಗಿಳಿಯುತ್ತದೆ. ಮಳೆಗಾಲದ ರಾಡಿಯಲ್ಲಿ ಜೇಡಿಮಣ್ಣು ಹೆಚ್ಚು, ಹೈಡ್ರಾಕ್ಸೈಡ್ ಕಡಿಮೆ. ಮಣ್ಣಿನ ತೂಕಕ್ಕೆ ಅದು ತಾನೇ ಒತ್ತಿಕೊಂಡು ಕೂರುತ್ತದೆ. ಬೇಸಿಗೆಯಲ್ಲಿ ಮಣ್ಣಿಲ್ಲ, ಇರುವುದೆಲ್ಲ ಆಲಂನ ಲೋಳೆ. ಅದು ತನ್ನೊಳಗೆ ನೀರನ್ನು ಹಿಡಿದಿಟ್ಟುಕೊಂಡು ಉಬ್ಬಿಕೊಂಡೇ ಇರುತ್ತದೆ, ಎಷ್ಟು ಹೊತ್ತು ಬಿಟ್ಟರೂ ಗಟ್ಟಿಯಾಗುವುದಿಲ್ಲ. ಕ್ಲಾರಿಫೈಯರಿನಿಂದ (ಕಲಕು ನೀರು ತಿಳಿಯಾಗುವ ತೊಟ್ಟಿಯಿಂದ) ಬರುವ ಆಲಂ ರಾಡಿಯಲ್ಲಿ ಘನವಸ್ತು ಸಾಮಾನ್ಯವಾಗಿ ಶೇ 0.5ರಿಂದ ಶೇ 2ರವರೆಗೆ. ಉಳಿದದ್ದೆಲ್ಲ ನೀರು. ಆ ನೀರನ್ನು ಬಿಡಿಸುವುದೇ ಥಿಕನರಿನ ಕೆಲಸ.

ಅರ್ಧ ಶೇಕಡಾಕ್ಕೆ ಯಾಕಿಷ್ಟು ತಲೆಬಿಸಿ ಎಂದು ಆಫೀಸಿನವರು ಕೇಳುತ್ತಾರೆ. ಅವರಿಗೆ ನಾನು ಕಾಗದದ ಮೇಲೆ ತೋರಿಸುವ ಲೆಕ್ಕ ಇದು. ಒಂದು ಘಟಕ ದಿನಕ್ಕೆ 1 ಕೋಟಿ ಲೀಟರ್ ನೀರು ಶುದ್ಧ ಮಾಡುತ್ತದೆ, ಲೀಟರಿಗೆ 30 ಮಿಲಿಗ್ರಾಂ ಆಲಂ ಹಾಕುತ್ತದೆ ಎಂದುಕೊಳ್ಳಿ. ಒಂದು ಮಿಲಿಗ್ರಾಂ ಆಲಂನಿಂದ ಸುಮಾರು 0.44 ಮಿಲಿಗ್ರಾಂ ಒಣ ಹೈಡ್ರಾಕ್ಸೈಡ್ ಹುಟ್ಟುತ್ತದೆ. ಅಂದರೆ ದಿನಕ್ಕೆ 132 ಕೆ.ಜಿ. ನೀರಿನಲ್ಲಿದ್ದ ಮಣ್ಣನ್ನು ಇಲ್ಲಿ ಸೇರಿಸಿಲ್ಲ. ಈ 132 ಕೆ.ಜಿ. ಶೇ 0.5ರ ರಾಡಿಯಾಗಿ ಬಂದರೆ 26,400 ಲೀಟರ್. ಶೇ 1 ಆದರೆ 13,200 ಲೀಟರ್. ಶೇ 3ಕ್ಕೆ ಏರಿಸಿದರೆ 4,400 ಲೀಟರ್ ಅಷ್ಟೇ. ಸಾಗಿಸುವ ಸರಕು ಅದೇ 132 ಕೆ.ಜಿ. ಐದು ಸಾವಿರ ಲೀಟರಿನ ಟ್ಯಾಂಕರ್ ಐದಾರು ಸಲ ಬರಬೇಕೋ, ಒಂದೇ ಸಲ ಬಂದು ಅದೂ ತುಂಬದೆ ಹೋಗಬೇಕೋ ಎಂಬುದು ಆ ಎರಡೂವರೆ ಶೇಕಡಾದಲ್ಲಿ ನಿರ್ಧಾರವಾಗುತ್ತದೆ. ಒಣಗಿಸುವ ಮರಳಿನ ಬೆಡ್‌ಗಳಿಗೂ ಇದೇ ಲೆಕ್ಕ. ತೆಳ್ಳನೆಯ ರಾಡಿ ಬಿಟ್ಟರೆ ಬೆಡ್ ಒಂದೇ ದಿನಕ್ಕೆ ತುಂಬಿ, ಒಣಗಲು ವಾರಗಟ್ಟಲೆ ಕಾಯಬೇಕು.

ನಮ್ಮಲ್ಲಿ ಬೇಸಿಗೆಯ ರಾಡಿ ಶೇ 1 ದಾಟುತ್ತಿರಲಿಲ್ಲ. ನೂರು ಮಿಲಿಲೀಟರ್ ಅಳೆದು, ತಟ್ಟೆಯಲ್ಲಿ ಹಾಕಿ, 105 ಡಿಗ್ರಿ ಓವನ್ನಿನಲ್ಲಿ ಒಣಗಿಸಿ ತೂಗಿದರೆ ಒಂದು ಗ್ರಾಂ ಕೂಡ ಉಳಿಯುತ್ತಿರಲಿಲ್ಲ. ರಾಡಿಯನ್ನು ಜೋರಾಗಿ ತಿರುಗಿಸಿ ನೀರು ಬೇರ್ಪಡಿಸುವ ಸೆಂಟ್ರಿಫ್ಯೂಜ್ ಕೊಳ್ಳಿ ಎಂದು ಹೊರಗಿನಿಂದ ಬಂದ ಒಬ್ಬ ಮಾರಾಟಗಾರರು ದಪ್ಪ ಕೊಟೇಶನ್ ಕೊಟ್ಟಿದ್ದರು. ಥಿಕನರಿನ ಒಳಗೆ ಇಣುಕಿ ಕೂಡ ನೋಡಿರಲಿಲ್ಲ. ಸೆಂಟ್ರಿಫ್ಯೂಜ್ ಕೆಟ್ಟ ಯಂತ್ರವಲ್ಲ. ಆದರೆ ಶೇ 0.8ರ ರಾಡಿಯನ್ನು ಅದಕ್ಕೆ ಉಣಿಸಿದರೆ ಅದು ದಿನವಿಡೀ ನೀರನ್ನೇ ತಿರುಗಿಸುತ್ತಿರುತ್ತದೆ, ಕರೆಂಟ್ ಬಿಲ್ ನಾವು ಕಟ್ಟುತ್ತಿರುತ್ತೇವೆ.

ಆಗ ನಮ್ಮ ಫಿಟ್ಟರ್ ಹೇಳಿದ್ದು ಈ ವರ್ಕ್‌ಶಾಪಿನ ವಿಷಯ. ಯಜಮಾನರು ಊರಿನ ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಗೇರ್‌ಬಾಕ್ಸ್ ರಿಪೇರಿ ಕಲಿತವರು. ಗಿರಣಿಗಳು ಹೋದ ಮೇಲೆ ಪಂಪು, ಕ್ಲಾರಿಫೈಯರ್, ಅಕ್ಕಿ ಗಿರಣಿ ಹೀಗೆ ಸಿಕ್ಕಿದ ಕೆಲಸ ಹಿಡಿದವರು. ಮೊದಲ ಭೇಟಿಯಲ್ಲಿ ಅವರು ಅಳತೆ ಟೇಪು ತೆಗೆಯಲಿಲ್ಲ. "ಕಬ್ಬಿಣದ್ ಮಾತು ಆಮೇಲೆ ಆಡೋಣ್ರೀ. ಮೊದ್ಲು ನಿಮ್ಮ ರಾಡಿ ಏನ್ ಹೇಳ್ತದೆ ಕೇಳೋಣ" ಅಂದರು. ನನಗೆ ಅವರ ಮೇಲೆ ನಂಬಿಕೆ ಬಂದದ್ದು ಆ ಮಾತಿನಿಂದ.

ಅವರು ತಂದದ್ದು ಅವರೇ ಮಾಡಿಕೊಂಡ ಒಂದು ಪರೀಕ್ಷಾ ಸಲಕರಣೆ. ಒಂದೇ ಅಳತೆಯ, ಅಂಗೈಯಗಲದ ಎರಡು ಪಾರದರ್ಶಕ ಅಕ್ರಿಲಿಕ್ ಕೊಳವೆಗಳು, ತಳ ಮುಚ್ಚಿದವು, ಎದೆಯೆತ್ತರ. ಒಂದರ ನೆತ್ತಿಯಲ್ಲಿ ನಿಮಿಷಕ್ಕೆ ಒಂದೇ ಸುತ್ತು ತಿರುಗುವ ಚಿಕ್ಕ ಗೇರ್ ಮೋಟಾರು, ಅದರಿಂದ ಕೆಳಗೆ ಇಳಿಬಿಟ್ಟ ಎರಡು ತೆಳ್ಳನೆಯ ಸ್ಟೀಲ್ ಸರಳು. ಇನ್ನೊಂದು ಖಾಲಿ. ಎರಡಕ್ಕೂ ಒಂದೇ ಬಕೆಟ್ಟಿನ ರಾಡಿ ತುಂಬಿದರು. ಲ್ಯಾಬಿನ ಒಂದು ಲೀಟರ್ ಸಿಲಿಂಡರಿನಲ್ಲಿ ನಾವು ಈ ಪರೀಕ್ಷೆ ಮಾಡುತ್ತಲೇ ಇರುತ್ತೇವೆ. ಆದರೆ ಕಿರಿದಾದ ಸಿಲಿಂಡರಿನಲ್ಲಿ ರಾಡಿ ಗೋಡೆಗೆ ಆತುಕೊಂಡು ನಿಂತುಬಿಡುತ್ತದೆ, ದೊಡ್ಡ ತೊಟ್ಟಿಯಲ್ಲಿ ಆಗುವುದೇ ಬೇರೆ. ಅಗಲದ ಕೊಳವೆಯಲ್ಲಿ ಸತ್ಯ ಹೆಚ್ಚು ಕಾಣುತ್ತದೆ.

ಮೊದಲ ಅರ್ಧ ಗಂಟೆ ಎರಡೂ ಒಂದೇ ಸಮ ಇಳಿದವು. ಆಮೇಲೆ ಸರಳಿಲ್ಲದ ಕೊಳವೆಯ ರಾಡಿ ನಿಂತಿತು. ಸರಳು ತಿರುಗುತ್ತಿದ್ದದ್ದು ಇಳಿಯುತ್ತಲೇ ಹೋಯಿತು. ಹತ್ತಿರ ಹೋಗಿ ನೋಡಿದರೆ ಸರಳು ಹಾದುಹೋದ ಜಾಡಿನಲ್ಲಿ ಸಣ್ಣ ಸಣ್ಣ ತಿಳಿನೀರಿನ ಗೆರೆಗಳು ಮೇಲಕ್ಕೆ ಏಳುತ್ತಿದ್ದವು. ಹೆಪ್ಪಾದ ಮೊಸರಿನಲ್ಲಿ ಚಮಚದಿಂದ ಒಂದು ಗೀರು ಎಳೆದರೆ ಆ ಗೀರಿನಲ್ಲಿ ನೀರು ಬಿಟ್ಟುಕೊಳ್ಳುತ್ತದಲ್ಲ, ಅದೇ ಇದು. ರಾಡಿಯೊಳಗೆ ಸಿಕ್ಕಿಕೊಂಡ ನೀರಿಗೆ ಮೇಲೆ ಬರಲು ದಾರಿ ಬೇಕು. ಸರಳು ಆ ದಾರಿ ಮಾಡಿಕೊಡುತ್ತದೆ, ಪಾಚಿಯಿಂದ ಹುಟ್ಟಿದ ಗಾಳಿಗುಳ್ಳೆಗಳೂ ಅಲ್ಲೇ ತಪ್ಪಿಸಿಕೊಂಡು ಹೋಗುತ್ತವೆ. ನಮ್ಮ ಹುಡುಗ, ಪಾಳಿಯ ಆಪರೇಟರ್, ಮಧ್ಯಾಹ್ನದ ಊಟ ಬಿಟ್ಟು ಅಲ್ಲೇ ಕೂತಿದ್ದ. "ಅಕ್ಕಾ, ಇದನ್ನ ನಮ್ ದೊಡ್ ಟ್ಯಾಂಕಿಗೆ ಹಾಕ್ಸಿ" ಅಂದ.

ಅಷ್ಟಕ್ಕೇ ಅವರು ಕಬ್ಬಿಣಕ್ಕೆ ಅಳತೆ ತೆಗೆಯಲಿಲ್ಲ. ರಾಡಿ ಪಂಪ್ ಚಾಲೂ ಮಾಡಿಸಿ, ನಿಮಿಷಕ್ಕೊಂದರಂತೆ ಗಾಜಿನ ಬಾಟಲಿಯಲ್ಲಿ ಮಾದರಿ ಹಿಡಿದು ಕಟ್ಟೆಯ ಮೇಲೆ ಸಾಲಾಗಿ ಇಟ್ಟರು. ಮೊದಲೆರಡು ಬಾಟಲಿ ಗಟ್ಟಿ. ಮೂರನೆಯದು ತೆಳು. ಐದಾರರ ಹೊತ್ತಿಗೆ ಬಾಟಲಿಯ ಆಚೆ ಬದಿಯ ಬೆರಳು ಕಾಣುತ್ತಿತ್ತು. ಪಂಪ್ ಜೋರಾಗಿ ಒಂದೇ ಸಮ ಎಳೆದಾಗ ತಳದ ಗುಂಡಿಯ ಮೇಲಿನ ರಾಡಿಯಲ್ಲಿ ತೂತು ಬೀಳುತ್ತದೆ, ಆ ತೂತಿನಿಂದ ಮೇಲಿನ ನೀರು ನೇರವಾಗಿ ಇಳಿದು ಪಂಪಿಗೆ ಹೋಗುತ್ತದೆ. ಸುತ್ತಲಿನ ಗಟ್ಟಿ ರಾಡಿ ಇದ್ದಲ್ಲೇ ಉಳಿಯುತ್ತದೆ. ಪಾಳಿಗೆ ಒಮ್ಮೆ ದೀರ್ಘವಾಗಿ ಎಳೆಯುವುದು ಘಟಕ ಶುರುವಾದಾಗಿನಿಂದ ನಡೆದುಬಂದ ಪದ್ಧತಿ, ಕೈಪಿಡಿಯಲ್ಲೇ ಹಾಗಿತ್ತು. ಅವರು ಪಂಪಿಗೆ ಟೈಮರ್ ಹಾಕಿ, ಎರಡು ನಿಮಿಷ ಎಳೆದು, ಬಿಟ್ಟು, ರಾಡಿ ಮತ್ತೆ ಗುಂಡಿಗೆ ಜಾರಿಕೊಳ್ಳಲು ಸಮಯ ಕೊಟ್ಟು, ಮತ್ತೆ ಎರಡು ನಿಮಿಷ ಎಳೆಯುವ ಹಾಗೆ ಮಾಡಿದರು. ಟೈಮರಿನ ಬೆಲೆ ಇಡೀ ಬಿಲ್ಲಿನಲ್ಲಿ ಅತಿ ಕಡಿಮೆ. ಫಲದಲ್ಲಿ ಅದನ್ನು ನಾನು ಪಿಕೆಟ್ಟಿಗೆ ಸಮನಾಗಿ ಇಡುತ್ತೇನೆ.

ಇನ್ನೊಂದಕ್ಕೆ ಅವರು ಒಂದು ರೂಪಾಯಿಯನ್ನೂ ಹಾಕಲಿಲ್ಲ. ಫಿಲ್ಟರ್ ತೊಳೆದ ನೀರನ್ನು ನಮ್ಮಲ್ಲಿ ಥಿಕನರಿಗೇ ಬಿಡುತ್ತಿದ್ದರು. ಫಿಲ್ಟರ್ ತೊಳೆದ ನೀರು ರಾಡಿಯೇ ಅಲ್ಲ, ಬಲು ತೆಳ್ಳಗಿನ ಕಲಕು ನೀರು. ಅದು ಒಮ್ಮೆಲೇ ನುಗ್ಗಿದರೆ ಅದುವರೆಗೆ ಕೂತದ್ದೆಲ್ಲ ಕದಡಿ ಅಂಚಿನ ಮೇಲಿಂದ ಹೊರಗೆ ಹರಿಯುತ್ತದೆ. ಘಟಕದ ಹಿಂದೆ ಬಳಸದೆ ಬಿದ್ದಿದ್ದ ಸಂಪಿನ ಕಡೆ ಕೈ ತೋರಿಸಿ, "ಇಲ್ಲಿಗೆ ಪೈಪ್ ತಿರುಗಿಸ್ರಿ, ನಿಧಾನಕ್ಕೆ ವಾಪಸ್ ತಗೋರಿ" ಅಂದರು. ನಮ್ಮ ಪ್ಲಂಬರೇ ಮಾಡಿದ. ಕೆಲಸ ಹೆಚ್ಚಿಸಿ ಬಿಲ್ ಬೆಳೆಸುವವರ ನಡುವೆ ಹೀಗೆ ಹೇಳಿ ಸುಮ್ಮನಾಗುವವರು ಎಷ್ಟು ಮಂದಿ ಸಿಗುತ್ತಾರೆ?

ಪಿಕೆಟ್ ಕೂರಿಸಲು ತೊಟ್ಟಿ ಖಾಲಿ ಮಾಡಲೇಬೇಕು. ಆದ್ದರಿಂದ ರಾಡಿ ಕಡಿಮೆ ಇರುವ, ಬೆಡ್‌ಗಳು ಬೇಗ ಒಣಗುವ ದಿನಗಳನ್ನೇ ಆರಿಸಿಕೊಂಡೆವು. ಸಂಕ್ರಾಂತಿ ಕಳೆದ ಮೇಲೆ ದಾವಣಗೆರೆಯ ಬಿಸಿಲಿಗೆ ಬೆಡ್‌ನ ರಾಡಿ ಬಿರುಕು ಬಿಡಲು ತಡವಾಗುವುದಿಲ್ಲ. ಅಷ್ಟು ದಿನ ಕ್ಲಾರಿಫೈಯರಿನ ರಾಡಿಯನ್ನು ನೇರ ಬೆಡ್‌ಗಳಿಗೆ ಬಿಟ್ಟೆವು. ಪಿಕೆಟ್ ಬೇಲಿಯೆಂದರೆ ತಳದಲ್ಲಿ ತಿರುಗುವ ತೋಳಿನ ಮೇಲೆ ನೆಟ್ಟಗೆ ನಿಂತ ಕಬ್ಬಿಣದ ಆ್ಯಂಗಲ್‌ಗಳ ಸಾಲು, ನೋಡಲು ಹೊಲದ ಬೇಲಿಯ ಗೂಟಗಳ ಸಾಲೇ. ಅವು ರಾಡಿಯ ಹಾಸು ಎಷ್ಟು ಎತ್ತರಕ್ಕೆ ಏರುತ್ತದೋ ಅಲ್ಲಿಯವರೆಗೆ ಇರಬೇಕು, ಅದಕ್ಕಿಂತ ಮೇಲೆ ಬಂದರೆ ತಿಳಿನೀರನ್ನು ಕಲಕುತ್ತವೆ. ಎರಡು ತೋಳಿನ ಗೂಟಗಳು ಒಂದರ ಜಾಡಿನಲ್ಲಿ ಇನ್ನೊಂದು ನಡೆಯದ ಹಾಗೆ ಸ್ಥಾನ ತಪ್ಪಿಸಿ ಬೆಸುಗೆ ಹಾಕಿದರು. ಎರಡೂ ಕಡೆ ತೂಕ ಸಮ ಇರಲೆಂದು ಪ್ರತಿ ಗೂಟವನ್ನೂ ತಕ್ಕಡಿಗೆ ಹಾಕಿದ್ದನ್ನು ನಾನೇ ನಿಂತು ನೋಡಿದ್ದೇನೆ.

ವೇಗದ ವಿಷಯದಲ್ಲಿ ಅವರ ಗಿರಣಿ ಅನುಭವ ಕೆಲಸಕ್ಕೆ ಬಂತು. ಪಿಕೆಟ್ ನಿಧಾನ ತಿರುಗಬೇಕು. ತೋಳಿನ ತುದಿ ನಿಮಿಷಕ್ಕೆ ಐದಾರು ಮೀಟರ್ ದಾಟಬಾರದು. 8 ಮೀಟರ್ ವ್ಯಾಸದ ತೊಟ್ಟಿಯಾದರೆ ಸುತ್ತಳತೆ ಸುಮಾರು 25 ಮೀಟರ್, ಅಂದರೆ ಒಂದು ಸುತ್ತಿಗೆ ಐದು ನಿಮಿಷ. ನಮ್ಮದು ಅದರ ಎರಡರಷ್ಟು ವೇಗದಲ್ಲಿ ಓಡುತ್ತಿತ್ತು. ಹಿಂದೆ ಯಾವಾಗಲೋ ಗೇರ್‌ಬಾಕ್ಸ್ ಸುಟ್ಟಾಗ ಸಿಕ್ಕಿದ್ದನ್ನು ತಂದು ಕೂರಿಸಿ ಹೋಗಿದ್ದರು. ಆ ವೇಗದಲ್ಲಿ ಪಿಕೆಟ್ ಹಾಕಿದ್ದರೆ ಗಟ್ಟಿಯಾಗುವ ಬದಲು ಫ್ಲಾಕ್ (ಕಣಗಳು ಕೂಡಿ ಆದ ಹಗುರ ಗೊಂಚಲು) ಒಡೆದು ಪುಡಿಯಾಗುತ್ತಿತ್ತು. ಫ್ಲಾಕ್ ಒಮ್ಮೆ ಒಡೆದರೆ ಮೊದಲಿನ ಹಾಗೆ ಕೂಡಿಕೊಳ್ಳುವುದಿಲ್ಲ. ಸ್ಪ್ರಾಕೆಟ್ ಬದಲಿಸಿ ವೇಗ ಇಳಿಸಿದರು. ಜೊತೆಗೆ, ರಾಡಿ ವಿಪರೀತ ಗಟ್ಟಿಯಾಗಿ ತೋಳಿನ ಮೇಲೆ ಹೊರೆ ಬಿದ್ದರೆ ಮೋಟಾರ್ ತಾನೇ ನಿಲ್ಲುವ ಸ್ವಿಚ್ಚನ್ನೂ ಗಂಟೆಯನ್ನೂ ಹಾಕಿದರು. ಪಿಕೆಟ್ ಹಾಕಿಸುವವರು ಇದನ್ನು ಬಿಡಬೇಡಿ. ಕರೆಂಟ್ ಹೋಗಿ ತಾಸುಗಟ್ಟಲೆ ನಿಂತ ತೋಳನ್ನು ಗಟ್ಟಿ ರಾಡಿಯೊಳಗಿಂದ ಒಮ್ಮೆಲೇ ತಿರುಗಿಸಿದರೆ ತೋಳು ಬಾಗುತ್ತದೆ.

ತಿಳಿನೀರು ಹೊರಬೀಳುವ ಮೇಲಂಚಿನ ವಿ-ನಾಚ್ (ವಿ ಆಕಾರದ ಕಚ್ಚು ಇರುವ) ತಗಡುಗಳನ್ನು ಮಟ್ಟ ಮಾಡಿದ್ದು ಕೂಡ ಹೇಳಬೇಕಾದ ಕೆಲಸ. ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿ ಮೇಸ್ತ್ರಿಗಳು ಹಿಡಿಯುವ ಮಟ್ಟವನ್ನೇ ಹಿಡಿದು ಸುತ್ತಲೂ ನೋಡಿದರು. ಒಂದು ಮಗ್ಗುಲು ತಗ್ಗಿತ್ತು. ತಿಳಿನೀರೆಲ್ಲ ಆ ಒಂದೇ ಕಡೆಯಿಂದ ಜೋರಾಗಿ ಹೊರಬೀಳುತ್ತ ಹಗುರ ಫ್ಲಾಕನ್ನು ಎಳೆದೊಯ್ಯುತ್ತಿತ್ತು. ಬೋಲ್ಟ್ ಸಡಿಲಿಸಿ ಎತ್ತಿ ಬಿಗಿದರು, ಮುಗಿಯಿತು.

ಇನ್ನು ಪಾಲಿಮರ್. ಆಲಂ ರಾಡಿಗೆ ಸಾಮಾನ್ಯವಾಗಿ ಹೊಂದುವುದು ಆನಯಾನಿಕ್ (ಋಣ ವಿದ್ಯುದಂಶದ) ಬಗೆ, ಬಿಳಿ ಸಕ್ಕರೆಯಂಥ ಪುಡಿ, 25 ಕೆ.ಜಿ. ಚೀಲದಲ್ಲಿ ಬರುತ್ತದೆ. ಯಾವುದು ಹೊಂದುತ್ತದೆ ಎಂಬುದನ್ನು ಬೀಕರಿನಲ್ಲಿ ನೋಡಿಯೇ ಆರಿಸಬೇಕು. ಆನಯಾನಿಕ್, ವಿದ್ಯುದಂಶವಿಲ್ಲದ ನಾನ್‌ಅಯಾನಿಕ್, ಧನ ವಿದ್ಯುದಂಶದ ಕ್ಯಾಟಯಾನಿಕ್ ಮೂರನ್ನೂ ನಾನು ಜಾರ್ ಟೆಸ್ಟಿನಲ್ಲಿ ಇಟ್ಟು ನೋಡಿದೆ, ನಮ್ಮ ನೀರಿಗೆ ಆನಯಾನಿಕ್ಕೇ ಗೆದ್ದಿತು. ಪ್ರಮಾಣ ಬಲು ಕಡಿಮೆ. ಒಂದು ಟನ್ ಒಣ ಘನವಸ್ತುವಿಗೆ 2 ಕೆ.ಜಿ. ಎಂದು ಹಿಡಿದರೆ, ಮೇಲೆ ಹೇಳಿದ 132 ಕೆ.ಜಿ.ಗೆ 264 ಗ್ರಾಂ ಪುಡಿ. ಸಾವಿರ ಲೀಟರಿಗೆ ಒಂದು ಕೆ.ಜಿ. ಲೆಕ್ಕದಲ್ಲಿ ಕಲಸಿದರೆ 264 ಲೀಟರ್ ದ್ರಾವಣ. ಹೆಚ್ಚು ಹಾಕಿದರೆ ಹೆಚ್ಚು ಗಟ್ಟಿ ಎಂದು ಎಷ್ಟೋ ಕಡೆ ನಂಬಿದ್ದಾರೆ. ಹೆಚ್ಚಾದ ಪಾಲಿಮರ್ ರಾಡಿಯನ್ನು ಲೋಳೆಯಾಗಿಸುತ್ತದೆ, ನೀರು ಬಿಡದ ಹಾಗೆ ಮಾಡುತ್ತದೆ, ಬೆಡ್‌ನ ಮರಳಿನ ರಂಧ್ರ ಮುಚ್ಚುತ್ತದೆ.

ಕಲಸುವುದರಲ್ಲೇ ಅರ್ಧ ಗುಣ ಉಳಿಯುವುದು ಅಥವಾ ಹೋಗುವುದು. ಪುಡಿಯನ್ನು ಒಮ್ಮೆಲೇ ಸುರಿದರೆ ಹೊರಗೆ ನೆನೆದು ಒಳಗೆ ಒಣಗಿದ ಗಂಟುಗಳಾಗುತ್ತವೆ, ಅವು ಎಂದಿಗೂ ಕರಗುವುದಿಲ್ಲ. ತಿರುಗುವ ನೀರಿನ ಸುಳಿಗೆ ಚಿಟಿಕೆ ಚಿಟಿಕೆಯಾಗಿ ಉದುರಿಸಿ, ನಿಧಾನ ತಿರುವುತ್ತ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬಿಡಬೇಕು. ಆ ಹೊತ್ತಿನಲ್ಲಿ ಪಾಲಿಮರಿನ ಉದ್ದನೆಯ ಸರಪಳಿಗಳು ಬಿಚ್ಚಿಕೊಳ್ಳುತ್ತವೆ. ಜೋರು ಮಿಕ್ಸರ್, ಮಾಮೂಲಿ ಸೆಂಟ್ರಿಫ್ಯೂಗಲ್ ಪಂಪ್ ಎರಡೂ ಆ ಸರಪಳಿಗಳನ್ನು ತುಂಡರಿಸುತ್ತವೆ. ವರ್ಕ್‌ಶಾಪಿನವರು ನಮ್ಮ ಹಳೆಯ ಮಿಕ್ಸರಿನ ವೇಗ ತಗ್ಗಿಸಿ, ಅಗಲವಾದ ರೆಕ್ಕೆ ಹಾಕಿ, ದ್ರಾವಣ ಸಾಗಿಸಲು ಸ್ಕ್ರೂ ಪಂಪ್ ಕೂರಿಸಿದರು. ರಾಡಿ ಪೈಪಿನಲ್ಲಿ ಪಾಲಿಮರ್ ಬೀಳುವ ಜಾಗವನ್ನು ಪಂಪಿನ ಮುಂಚಿನಿಂದ ಪಂಪಿನ ನಂತರಕ್ಕೆ ಸರಿಸಿದರು, ಆಗಷ್ಟೇ ಕಟ್ಟಿದ ಫ್ಲಾಕ್ ಪಂಪಿನೊಳಗೆ ಹರಿದುಹೋಗಬಾರದೆಂದು. ದ್ರಾವಣ ನೆಲಕ್ಕೆ ಚೆಲ್ಲಿದರೆ ಮೊದಲು ನೀರು ಹಾಕಬೇಡಿ, ವಿಪರೀತ ಜಾರುತ್ತದೆ. ಮರದ ಹೊಟ್ಟು ಹಾಕಿ ಗುಡಿಸಿ ತೆಗೆಯಬೇಕು.

ಪಾಲಿಮರ್ ಕೊಳ್ಳುವಾಗ ಒಂದು ವಿಷಯದಲ್ಲಿ ನಾನು ಪಟ್ಟು ಬಿಡುವುದಿಲ್ಲ, ಎಲ್ಲ ಕೆಮಿಸ್ಟರೂ ಬಿಡಬಾರದು. ಥಿಕನರಿನ ತಿಳಿನೀರು ಮತ್ತೆ ಘಟಕದ ಬಾಯಿಗೇ ಹೋಗುತ್ತದೆ, ಅಂದರೆ ಕೊನೆಗೆ ಜನರ ಲೋಟಕ್ಕೆ. ಈ ಪುಡಿ ಪಾಲಿಅಕ್ರಿಲಮೈಡ್. ಅದರಲ್ಲಿ ಪಾಲಿಮರ್ ಆಗದೆ ಉಳಿದ ಅಕ್ರಿಲಮೈಡ್ ಇದ್ದರೆ ಅದು ಆರೋಗ್ಯಕ್ಕೆ ಹಾನಿ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿನಲ್ಲಿ ಅದಕ್ಕೆ ಇಟ್ಟಿರುವ ಮಿತಿ ಲೀಟರಿಗೆ 0.5 ಮೈಕ್ರೋಗ್ರಾಂ. ಅಷ್ಟು ಸೂಕ್ಷ್ಮವನ್ನು ನಮ್ಮಂಥ ಲ್ಯಾಬಿನಲ್ಲಿ ಅಳೆಯಲಾಗದು. ಚೀಲದ ಜೊತೆ ಬರುವ ಬ್ಯಾಚ್ ಪ್ರಮಾಣಪತ್ರವೇ ಗತಿ. ವರ್ಕ್‌ಶಾಪಿನವರ ಮೂಲಕ ಬಂದ ಮೊದಲ ಚೀಲ ಕಾರ್ಖಾನೆಯ ಕೊಳಚೆ ನೀರಿಗೆ ಬಳಸುವ ದರ್ಜೆಯದು, ಪತ್ರವೂ ಇರಲಿಲ್ಲ. ಸರಬರಾಜು ಮಾಡಿದವರು "ಎಲ್ಲಾ ಒಂದೇ ಮೇಡಂ" ಅಂದರು. ಎಲ್ಲಾ ಒಂದೇ ಅಲ್ಲ. ಚೀಲ ವಾಪಸ್ ಹೋಯಿತು. ಕುಡಿಯುವ ನೀರಿನ ದರ್ಜೆಯದು ಬಂದ ಮೇಲೆಯೇ ತೊಟ್ಟಿಗೆ ಹಾಕಲು ಬಿಟ್ಟೆ. ಯಜಮಾನರು ನನ್ನ ಪರವಾಗಿಯೇ ನಿಂತರು. ಆದರೆ ಕಬ್ಬಿಣದ ವಿಷಯದಲ್ಲಿ ಅಷ್ಟು ಜಾಗರೂಕರಾದವರು ರಾಸಾಯನಿಕದ ವಿಷಯದಲ್ಲಿ ಮೊದಲೇ ಕೇಳಬೇಕಿತ್ತು. ಇದು ಅವರ ಸೇವೆಯಲ್ಲಿ ನಾನು ಕಂಡ ದೊಡ್ಡ ಕೊರತೆ.

ಉಳಿದ ಕೊರತೆಗಳು ಚಿಕ್ಕವು. ಹೇಳಿದ ದಿನಕ್ಕೆ ಮುಗಿಸಲಿಲ್ಲ, ಬೇರಿಂಗ್ ಬರುವುದು ತಡವಾಯಿತು ಎಂದರು. ತೋಳಿನ ಹಳೆಯ ಭಾಗದ ತುಕ್ಕನ್ನು ಪೂರ್ತಿ ಕೆರೆಯದೆ ಇಪಾಕ್ಸಿ ಬಳಿದಿದ್ದರು. ಕೆಲವು ಕಡೆ ಆಗಲೇ ಗುಳ್ಳೆ ಎದ್ದಿದೆ, ಮುಂದಿನ ಸಲ ತೊಟ್ಟಿ ಖಾಲಿಯಾದಾಗ ಮತ್ತೆ ಮಾಡಿಕೊಡುವುದಾಗಿ ಒಪ್ಪಿದ್ದಾರೆ. ನಕ್ಷೆ ಕೊಡಲಿಲ್ಲ. ಎಲ್ಲವೂ ಯಜಮಾನರ ತಲೆಯಲ್ಲಿದೆ, ನಾಳೆ ಬೇರೆಯವರು ರಿಪೇರಿಗೆ ಬಂದರೆ ಏನು ಗತಿ? ನಾನೇ ಅಳತೆ ತೆಗೆದು ಒಂದು ಚಿತ್ರ ಬರೆದು ಅವರ ಸಹಿ ಹಾಕಿಸಿಕೊಂಡೆ. ಆಪರೇಟರುಗಳಿಗೆ ತರಬೇತಿ ಎಂದು ಒಂದು ಗಂಟೆ ಮಾತಾಡಿದ್ದು ಬಿಟ್ಟರೆ ಬರವಣಿಗೆಯಲ್ಲಿ ಏನೂ ಇರಲಿಲ್ಲ. ಈಗ ಪಂಪ್ ಕೋಣೆಯ ಗೋಡೆಯ ಮೇಲೆ ದೊಡ್ಡ ಕನ್ನಡ ಅಕ್ಷರದ ಪಟ್ಟಿ ಇದೆ. ಹಾಸಿನ ಎತ್ತರ ಎಷ್ಟಿದ್ದರೆ ಟೈಮರ್ ಎಷ್ಟಕ್ಕೆ ಇಡಬೇಕು, ಗಂಟೆ ಹೊಡೆದರೆ ಮೊದಲು ಏನು ಮಾಡಬೇಕು, ಎಲ್ಲ ಅದರಲ್ಲಿದೆ. ಅದನ್ನು ಬರೆದದ್ದು ಊಟ ಬಿಟ್ಟು ಕೊಳವೆಯ ಮುಂದೆ ಕೂತಿದ್ದ ಆ ಹುಡುಗ.

ಹಾಸಿನ ಎತ್ತರ ಅಳೆಯಲು ಅವರು ಕೊಟ್ಟುಹೋದ ಅಕ್ರಿಲಿಕ್ ಕೋಲು ನನಗೆ ಬಹಳ ಇಷ್ಟವಾದ ವಸ್ತು. ತುದಿಯಲ್ಲಿ ಒಂದು ಚೆಂಡಿನ ಕವಾಟ, ಮೈಮೇಲೆ ಅಳತೆಯ ಗೆರೆ. ನಿಧಾನ ತಳದವರೆಗೆ ಇಳಿಸಿ ಎತ್ತಿದರೆ ತೊಟ್ಟಿಯ ಒಳಗಿರುವುದು ಹಾಗೆಯೇ ಕೋಲಿನೊಳಗೆ ನಿಂತಿರುತ್ತದೆ. ಮೇಲೆ ತಿಳಿ, ಕೆಳಗೆ ರಾಡಿ, ನಡುವೆ ಗೆರೆ. ಹಾಸು ತೀರ ತೆಳುವಾದರೆ ರಾಡಿಯ ಮೇಲೆ ಒತ್ತುವ ತೂಕವಿಲ್ಲ, ಗಟ್ಟಿಯಾಗದು. ತೀರ ದಪ್ಪವಾಗಿ ಬಹಳ ದಿನ ಕೂತರೆ ಬೇಸಿಗೆಯ ಪಾಚಿ ಕೊಳೆತು, ಗಾಳಿ ಹುಟ್ಟಿ, ರಾಡಿಯ ತುಂಡುಗಳು ಮೇಲೆ ತೇಲಿ ಬರುತ್ತವೆ. ನಮ್ಮ ತೊಟ್ಟಿಯಲ್ಲಿ ಒಂದರಿಂದ ಒಂದೂವರೆ ಮೀಟರ್ ಹಾಸು ಇಟ್ಟುಕೊಂಡರೆ ಸರಿಹೋಗುತ್ತದೆ. ನಿಮ್ಮದಕ್ಕೆ ನೀವೇ ಕಂಡುಕೊಳ್ಳಬೇಕು.

ಫಲಿತಾಂಶ ಕೇಳುವವರಿಗೆ: ಬೇಸಿಗೆಯಲ್ಲಿ ಶೇ 1 ದಾಟದಿದ್ದ ರಾಡಿ ಈಗ ಶೇ 2ರ ಮೇಲೆಯೇ ಬರುತ್ತದೆ, ಒಳ್ಳೆಯ ದಿನಗಳಲ್ಲಿ ಶೇ 2.5. ಮಳೆಗಾಲದ ಕೆಂಪು ರಾಡಿ ಶೇ 4 ಮುಟ್ಟಿತು. ಆಗ ಪಾಲಿಮರ್ ಅರ್ಧಕ್ಕಿಂತ ಕಡಿಮೆ ಸಾಕಾಯಿತು. ತಿಳಿನೀರು ನಿಜಕ್ಕೂ ತಿಳಿ. ಬೆಡ್‌ಗಳು ಪಾಳಿಯ ಪ್ರಕಾರ ಖಾಲಿಯಾಗುತ್ತಿವೆ, ರಾಡಿ ಎತ್ತುವ ಹೆಣ್ಣುಮಕ್ಕಳು ಹಸಿ ಕೆಸರಿನಲ್ಲಿ ಮೊಣಕಾಲಷ್ಟು ಇಳಿಯುವ ಪಾಡು ತಪ್ಪಿದೆ. ಆಫೀಸಿನವರು ಶೇಕಡಾ ನೋಡುತ್ತಾರೆ, ನನಗೆ ಸಮಾಧಾನ ಕೊಟ್ಟದ್ದು ಇದು. ಒಣಗಿದ ಹೆಕ್ಕಳಿಕೆಯನ್ನು ಸಲಿಕೆಯಿಂದ ಎತ್ತಿ ಬುಟ್ಟಿಗೆ ಹಾಕಬಹುದು.

ಅಪಾರ್ಟ್‌ಮೆಂಟಿನ ಎಸ್‌ಟಿಪಿಗೂ (ಕೊಳಚೆ ನೀರು ಶುದ್ಧೀಕರಣ ಘಟಕಕ್ಕೂ) ಇದನ್ನೇ ಮಾಡಿಸಬಹುದೇ ಎಂದು ಪರಿಚಯದವರೊಬ್ಬರು ಕೇಳಿದರು. ಬೇಡ ಎಂದೆ. ಅಲ್ಲಿಯದು ಜೀವಾಣುಗಳ ರಾಡಿ, ಸ್ವಭಾವವೇ ಬೇರೆ. ಅದಕ್ಕೆ ಸಾಮಾನ್ಯವಾಗಿ ಕ್ಯಾಟಯಾನಿಕ್ ಪಾಲಿಮರ್ ಬೇಕು, ಕೂಡಿಟ್ಟರೆ ಬೇಗ ನಾರುತ್ತದೆ, ನೈಟ್ರೋಜನ್ ಗುಳ್ಳೆ ಕಟ್ಟಿಕೊಂಡು ತೇಲುತ್ತದೆ. ತೇಲುವ ಗುಣದ ರಾಡಿಯನ್ನು ಗಾಳಿಯ ಸಣ್ಣ ಗುಳ್ಳೆಗಳಿಂದ ತೇಲಿಸಿಯೇ ಗಟ್ಟಿ ಮಾಡುವ ಯಂತ್ರಗಳಿವೆ, ಅದರ ಬಗ್ಗೆ ತಿಳಿದವರನ್ನು ಕೇಳಿ.

ಬಿಲ್ಲಿನ ವಿಷಯ: ಕಬ್ಬಿಣಕ್ಕೆ ತೂಕದ ಮೇಲೆ, ಕೂಲಿಗೆ ದಿನದ ಮೇಲೆ, ಗೇರ್ ಮತ್ತು ಪಂಪಿಗೆ ಅಂಗಡಿಯ ರಸೀದಿಯ ಮೇಲೆ ಹಾಕಿದರು, ರಸೀದಿಗಳನ್ನು ಲಗತ್ತಿಸಿದ್ದರು. ಎಲ್ಲ ಸೇರಿ ಆ ಸೆಂಟ್ರಿಫ್ಯೂಜ್ ಕೊಟೇಶನ್ನಿನ ಹತ್ತಿರಕ್ಕೂ ಬರಲಿಲ್ಲ. ಮುಂದೆ ಸೆಂಟ್ರಿಫ್ಯೂಜ್ ತಂದರೂ ಈ ಖರ್ಚು ವ್ಯರ್ಥವಲ್ಲ, ಗಟ್ಟಿ ರಾಡಿ ಕೊಟ್ಟರೆ ಚಿಕ್ಕ ಯಂತ್ರ ಸಾಕಾಗುತ್ತದೆ.

ಇಂಥ ಕೆಲಸಕ್ಕೆ ಯಾರನ್ನು ಕರೆದರೂ, ಮೊದಲ ದಿನ ಅವರು ರಾಡಿಯ ಮಾದರಿ ಕೇಳುತ್ತಾರೋ ಇಲ್ಲವೋ ನೋಡಿ. ಬೇಸಿಗೆಯ ರಾಡಿಯಲ್ಲೇ ಪರೀಕ್ಷೆ ಮಾಡಿಸಿ, ಮಳೆಗಾಲದ ಮಾದರಿಯಲ್ಲಿ ಎಲ್ಲ ಪಾಲಿಮರೂ ಒಳ್ಳೆಯದಾಗಿಯೇ ಕಾಣುತ್ತದೆ. ಮಾದರಿಯನ್ನು ಅದೇ ಬೆಳಿಗ್ಗೆ ಹಿಡಿದದ್ದಾಗಿರಲಿ, ಕ್ಯಾನನ್ನು ಬೈಕಿನ ಹಿಂದೆ ಕುಲುಕಿಸಿಕೊಂಡು ಒಯ್ಯಬೇಡಿ, ಫ್ಲಾಕ್ ಒಡೆದು ಫಲಿತಾಂಶ ಕೆಡುತ್ತದೆ. ಸಾಧ್ಯವಾದರೆ ಪರೀಕ್ಷೆಯನ್ನು ನಿಮ್ಮ ಘಟಕದಲ್ಲೇ, ನಿಮ್ಮ ಆಪರೇಟರುಗಳ ಎದುರಿಗೇ ಇಡಿಸಿ.